ನಡುವೆ ಎಷ್ಟು ಸ್ಟೇಜು

ಗುತ್ತಲು ರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಕೆಳಗೆ ರಾಗಿ ಬೀಸುವಾಗ
ನನ್ನ ಮೇಜಿನ ಮೇಲೆ ಯುರೋಪು ಸಣ್ಣಗೆ ನಡುಗುತ್ತದೆ.

ಪುಟವೊಂದಕ್ಕೆ ನಾಲ್ಕು ರೂಪಾಯಿ.
ಎರಡು ವಿಮಾನ ನಿಲ್ದಾಣ, ನಡುವಿನ ದೂರ, ಹಾರುವ ಹೊತ್ತು,
ಇಷ್ಟು ತುಂಬಿದರೆ ಸಾಕು, ಕತೆ ಬರೀಬೇಡಿ
ಅಂದಿದ್ದಾಳೆ ಕೆಲಸ ಕೊಟ್ಟ ಇಂಪನಾ.
ಇವತ್ತಿನ ಮೊದಲನೆಯದು
ಲಿಸ್ಬನ್ನಿನಿಂದ ಹೆಲ್ಸಿಂಕಿ:
ಮೂರು ಸಾವಿರದ ಮುನ್ನೂರ ಚಿಲ್ಲರೆ ಕಿಲೋಮೀಟರು,
ಹೆಚ್ಚುಕಮ್ಮಿ ನಾಲ್ಕೂಮುಕ್ಕಾಲು ಗಂಟೆ.

ನಾನು ಹಾರಿದವಳಲ್ಲ.
ಏರಿದ ಎತ್ತರವೆಂದರೆ ಕರಿಘಟ್ಟ,
ಅದೂ ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು.

ನಮ್ಮಜ್ಜಿಯ ದೂರಗಳಿಗೆ ಅಂಕಿ ಇರಲಿಲ್ಲ.
ಗದ್ದೆ ಒಂದು ಕೂಗಳತೆ,
ಸಂತೆ ಎರಡು ಎಲೆಅಡಿಕೆ,
ತವರು ಮಾತ್ರ ಹೋಗುವಾಗ ಒಂದು ಹರದಾರಿ,
ಬರುವಾಗ ಎರಡು.
ಅಜ್ಜಿಯದು ಸುಳ್ಳು ಲೆಕ್ಕ ಅಂತಲೇ ಇದ್ದೆ.
ಈಗ ನೋಡಿದರೆ
ಹೆಲ್ಸಿಂಕಿಯಿಂದ ಮರಳುವಾಗ ಎದುರು ಗಾಳಿಯಂತೆ,
ಅದೇ ದೂರಕ್ಕೆ ಕಾಲು ಗಂಟೆ ಹೆಚ್ಚು.

ಬೀಸುವ ಸರದಿ ಬರುವತನಕ
ಮೆಟ್ಟಿಲು ಹತ್ತಿ ಬರುತ್ತಾರೆ ಬೋರಲಿಂಗಣ್ಣ,
ಮಂಡ್ಯ ಮೈಸೂರು ಮಧ್ಯೆ ಮೂವತ್ತೊಂದು ವರ್ಷ
ಟಿಕೆಟ್ ಹರಿದ ಬೆರಳು,
ಮೀಸೆಗೆ ಯಾರದೋ ಮನೆಯ ಹಿಟ್ಟು.

“ಇವತ್ತು ಎಲ್ಲಿಂದ ಎಲ್ಲಿಗವ್ವ?”
ಹೇಳಿದೆ.
“ನಡುವೆ ಎಷ್ಟು ಸ್ಟೇಜು?”
ಸ್ಟೇಜಿಲ್ಲ ಅಣ್ಣ, ನೇರ.
“ನೇರ ಅಂದ್ರೆ?
ಒಬ್ರೂ ಹತ್ತಕ್ಕಿಲ್ಲ, ಒಬ್ರೂ ಇಳಿಯಕ್ಕಿಲ್ಲ?
ಅದೇನ್ ಪಯಣವವ್ವ, ಬಾವಿಗೆ ಕೊಡ ಬಿಟ್ಟಂಗೆ.”

ಆಮೇಲೆ, ಕೇಳದಿದ್ದರೂ, ಶುರುವಾಯಿತು:
ಇಂಡುವಾಳು, ತೂಬಿನಕೆರೆ, ಯಲಿಯೂರು, ಗಣಂಗೂರು…
ಅಲ್ಲಿಗೆ ಬಂದು ನಿಂತರು.
ಗಣಂಗೂರಲ್ಲಿ ಒಬ್ಬಳಿಗೆ
ಎಂಟು ರೂಪಾಯಿ ಚಿಲ್ಲರೆ ಕೊಡಬೇಕಿತ್ತಂತೆ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದರು,
ಕಂಕುಳಲ್ಲಿ ಕೋಳಿ, ಕೈಯಲ್ಲಿ ಮಗು,
ಕೇಳದೇ ಇಳಿದುಹೋದಳು.
“ಇಪ್ಪತ್ತೆರಡು ವರ್ಷ ಆಯ್ತು.
ಈಗ್ಲೂ ಆ ಸ್ಟಾಪಲ್ಲಿ
ಬಸ್ಸಿನ ಕಿಟಕೀಲಿ ಬಗ್ಗಿ ನೋಡ್ತೀನಿ.”

ಪಟ್ಟಣ, ಕಳಸ್ತವಾಡಿ, ಸಿದ್ಲಿಂಗ್ಪುರ
ಅವತ್ತು ಬರಲೇ ಇಲ್ಲ.

ಸುಮ್ಮನಿರಲಾಗದೆ
ಮಗಳ ಪ್ಲಾಸ್ಟಿಕ್ ಭೂಗೋಳ ಇಳಿಸಿದೆ,
ಅಂಟಾರ್ಕ್ಟಿಕ ನೆಗ್ಗಿದೆ, ಉಳಿದದ್ದು ಸರಿಯಿದೆ.
ಲಿಸ್ಬನ್ನಿನ ಮೇಲೆ ಅವರ ಬೆರಳು,
ಹೆಲ್ಸಿಂಕಿಯ ಮೇಲೆ ನನ್ನದು,
ನಡುವೆ ಬಿಗಿದ ಹೊಲಿಗೆ ದಾರ.
ದಾರದ ಅಡಿಯಲ್ಲಿ ಒಂದು ಕೊಲ್ಲಿ,
ಫ್ರಾನ್ಸಿನ ಅಂಚು, ಡೆನ್ಮಾರ್ಕು, ಸ್ವೀಡನ್ನು.
ಕನ್ನಡಕ ಹಣೆಗೇರಿಸಿ ಒಂದೊಂದೇ ಓದಿದರು,
ಫೇರ್ ಚಾರ್ಟ್ ನೋಡುವ ಹಾಗೆ.

ಎದ್ದು ನಿಂತು
ಇಲ್ಲದ ಕಂಬಿ ಹಿಡಿದು ಕೂಗಿದರು:
“ಯಾರ್ರೀ ಡೆನ್ಮಾರ್ಕು!
ಡೆನ್ಮಾರ್ಕ್ ಇಳಿಯೋರು ಮುಂದೆ ಬನ್ರೀ!
ಚಿಲ್ಲರೆ ಇರೋರು ಈಗಲೇ ಕೇಳ್ಬಿಡಿ!”

ನಗಬೇಕೆಂದುಕೊಂಡೆ.
ಪುಟದಲ್ಲಿ ಡೆನ್ಮಾರ್ಕಿಗೆ ಜಾಗವಿಲ್ಲ,
ಎರಡೇ ಚೌಕ: ದೂರ, ಹೊತ್ತು.
ತುಂಬಿ ಕಳಿಸಿದೆ. ನಾಲ್ಕು ರೂಪಾಯಿ.

ಗಿರಣಿ ನಿಂತಿತು.
ಕೆಳಗಿನಿಂದ ಹುಡುಗ ಕೂಗಿದ:
“ಬೋರಲಿಂಗಣ್ಣಾ, ನಿಮ್ಮ ರಾಗಿ ಆಯ್ತು,
ಇಳೀರಿ!”