ಪಟಾಕಿ ಹೊಡೆದ ದಿಕ್ಕು

ರೇಂಜರ್ ಸಾಹೇಬರು ಬಿಳಿ ಹಾಳೆಯ ನಡುವೆ ಗೀಟೆಳೆದರು.
ಎಡಕ್ಕೆ ಯಸಳೂರು ರಸ್ತೆ, ಕೆಟ್ಟು ನಿಂತ ಶಾಲೆ ವ್ಯಾನು,
ಒಳಗೆ ಹದಿನಾಲ್ಕು ಮಕ್ಕಳು.
ಬಲಕ್ಕೆ ತೋಟದ ಲೈನು, ನಲ್ಲಿಯ ಹತ್ತಿರ ಒಬ್ಬಳು.
"ನಡುವೆ ಒಂಟಿಸಲಗ. ನಿನ್ನ ಕೈಯಲ್ಲಿ ಒಂದೇ ಪಟಾಕಿ.
ಬಲಕ್ಕೆ ತಿರುಗಿಸಿದೆ. ಸರಿಯಾಗೇ ತಿರುಗಿಸಿದೆ.
ಇದರಲ್ಲಿ ಧರ್ಮಸಂಕಟ ಎಲ್ಲಿ ಬಂತೋ ದ್ಯಾವಪ್ಪ?
ಹದಿನಾಲ್ಕರ ಮುಂದೆ ಒಂದು.
ಮಗ್ಗಿ ಬರದವನಿಗೂ ಗೊತ್ತಾಗುತ್ತೆ."

ಗೊತ್ತಾಗಿತ್ತು ಸಾರ್,
ಬತ್ತಿಗೆ ಬೆಂಕಿ ಕಚ್ಚುವಷ್ಟರೊಳಗೇ ಗೊತ್ತಾಗಿತ್ತು.
ಅದೇ ಸಂಜೆಯನ್ನು ಮತ್ತೆ ತಂದಿಟ್ಟರೂ
ಅಲ್ಲಿಗೇ ಎಸೆಯುತ್ತೇನೆ.

ಆದರೆ ಅವಳು ತಲೆಯೆತ್ತಿ ನೋಡಿದಳು.
ಓಡು, ಓಡು ಅಂತ ಕೂಗಿದೆ,
ಕನ್ನಡದಲ್ಲಿ.
ಅಸ್ಸಾಮಿನಿಂದ ಬಂದು ಹನ್ನೊಂದು ದಿನವಾಗಿತ್ತು.
ಕರೆಯುತ್ತಿದ್ದಾನೆ ಅಂದುಕೊಂಡು
ಕೊಡ ಕೆಳಗಿಟ್ಟು
ಎರಡು ಹೆಜ್ಜೆ ನನ್ನ ಕಡೆಗೇ ಬಂದಳು.

ಆ ಎರಡು ಹೆಜ್ಜೆಯನ್ನು ಎಲ್ಲಿ ಬರೆಯಲಿ,
ಗೀಟಿನ ಯಾವ ಪಕ್ಕಕ್ಕೆ?

ಸಾಹೇಬರು ಒಳ್ಳೆಯವರು. ಟೀ ತರಿಸಿದರು.
"ನೋವಾಗೋದೂ ಒಳ್ಳೇದೇ," ಅಂದರು,
"ಮುಂದಿನ ಸಲ ಜೇಬಲ್ಲಿ ಎರಡು ಪಟಾಕಿ ಇಟ್ಟಿರ್ತೀಯ.
ಅದೂ ಲಾಭದ ಬಾಬ್ತೇ."
ನನ್ನ ಸಂಕಟಕ್ಕೂ ಆ ಹಾಳೆಯಲ್ಲಿ
ಒಂದು ಖಾನೆ ಇತ್ತು!
ಅದೇನು ಕೂಲಿಗೆ ಬಂದ ಆಳೇ ಸಾರ್,
ಎಷ್ಟು ದುಡಿಯಿತು ಅಂತ ಸಂಜೆ ಕೇಳೋದಕ್ಕೆ?

ಆ ಕಡೆ ಒಬ್ಬಳು, ಈ ಕಡೆಯೂ ಒಬ್ಬಳೇ ಇದ್ದಿದ್ದರೆ? ಅಂದೆ.
ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು:
"ಹಂಗಿದ್ದಾಗ ಎತ್ತ ಹೊಡೆದರೂ ಸರಿ."

ಎತ್ತ ಹೊಡೆದರೂ ಸರಿ.
ನಮ್ಮವ್ವ ಇದ್ದಿದ್ದರೆ ಅದನ್ನೇ ಮಗುಚಿ ಹೇಳುತ್ತಿದ್ದಳು:
ಎತ್ತ ಹೊಡೆದರೂ ತಪ್ಪೇ ಮಗ, ಹೊಡಿ,
ಹೊಡೆದ ಮೇಲೆ ಆ ಮನೆಗೆ ಹೋಗಿ ಕೂತು ಬಾ.

ಶಾಲೆಯವರು ಕರೆಸಿ ಶಾಲು ಹೊದಿಸಿದರು.
ಹದಿನಾಲ್ಕು ಪುಟ್ಟ ಕೈಗಳು, ಒಂದೊಂದೇ,
ಬೆಚ್ಚಗೆ.
ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.
ಪೇಪರಿನವರು ಕಾರ್ಮಿಕ ಮಹಿಳೆ ಅಂತ ಬರೆದಿದ್ದರು.
ಜೋನಾಕಿ ಅಂತ ಹೆಸರು.
ಮಿಂಚುಹುಳು ಅಂತೆ ಅದರ ಅರ್ಥ,
ಅವಳ ತಮ್ಮ ಹೇಳಿದ.

ಅವನ ಹತ್ತಿರವೇ ಇನ್ನೊಂದು ಮಾತು ಕಲಿತೆ.
ಪಲಾ. ಓಡಿಹೋಗು ಅಂತ.
ಲೈನಿನಲ್ಲಿ ಈಗ ಅವರ ಕಡೆಯವರೇ ಹೆಚ್ಚು,
ಎಂದಾದರೂ ಉಪಯೋಗಕ್ಕೆ ಬಂದೀತು;
ಸಾಹೇಬರಿಗೆ ತಿಳಿದರೆ ಅದನ್ನೂ ಬರೆದುಕೊಳ್ಳುತ್ತಾರೆ.

ರಾತ್ರಿ ಬೀಟಿನಲ್ಲಿ ಆ ನಲ್ಲಿ ದಾಟುವಾಗ
ಟಾರ್ಚು ಆರಿಸಿ
ಮೆಲ್ಲಗೆ ಒಂದು ಸಲ ಅನ್ನುತ್ತೇನೆ,
ಪಲಾ,
ಅಲ್ಲಿ ಯಾರೂ ಇರುವುದಿಲ್ಲ.