ಗುರುವಾರ, ಐದು ಗಂಟೆಗೆ ಮೊದಲು

ಟೊಲೀಡೊದ ಹಳೆಯ ಬ್ಯಾಂಕೊಂದರಲ್ಲಿ
ಈಗ ಪುಕ್ಕಟೆ ದವಾಖಾನೆ.
ವಾರಕ್ಕೊಮ್ಮೆ, ಗುರುವಾರ ಸಂಜೆ ಐದಕ್ಕೆ,
ಮೊದಲು ಬಂದ ಹನ್ನೆರಡು ಮಂದಿಗೆ.
ದುಡ್ಡು ಎಣಿಸುತ್ತಿದ್ದ ಕಿಟಕಿಯಲ್ಲಿ
ಬಿಪಿ ನೋಡುತ್ತಾರೆ.
ತಿಜೋರಿಯೊಳಗೆ ಮುಲಾಮು, ಗುಳಿಗೆ, ಹತ್ತಿ;
ಬಾಗಿಲ ಮೇಲೆ ದಪ್ಪಕ್ಷರದ ಚೀಟಿ:
ಮತ್ತು ಬರುವ ಮಾತ್ರೆ ಇಲ್ಲಿ ಇಟ್ಟಿಲ್ಲ,
ಒಡೆಯಬೇಡಿ, ಕೇಳಲೂಬೇಡಿ.

ಮೊದಲ ವಾರ ತಿರುಗಿಸಿ ಕಳಿಸಿದರು.
ಬಡವಿ ಎನ್ನಲು ನನ್ನ ಹತ್ತಿರ ಪುರಾವೆ ಇರಲಿಲ್ಲ.
ಮೋಟೆಲಿನಲ್ಲಿ ಹಾಸಿಗೆ ಬದಲಿಸುವ ಕೆಲಸ, ಕೈಗೆ ನಗದು,
ಹನ್ನೊಂದು ವರ್ಷ, ದಿನಕ್ಕೆ ಹದಿನಾರು ಕೋಣೆ;
ಬಗ್ಗಿ ಎದ್ದ ಲೆಕ್ಕ ಸೊಂಟದಲ್ಲಿದೆ,
ಕಾಗದದಲ್ಲಿಲ್ಲ.
"ಮಾಲೀಕರಿಂದ ಒಂದು ಪತ್ರ ತನ್ನಿ" ಅಂದಳು
ಕಿಟಕಿಯ ಹುಡುಗಿ, ಮೆಲ್ಲಗೆ.
ನನಗೆ ಕಡಿಮೆ ಬರುತ್ತದೆ ಎಂಬುದಕ್ಕೆ
ಕಡಿಮೆ ಕೊಡುವವನೇ ರುಜು ಹಾಕಬೇಕು.

ಹಾಕಿದ. ನಾಲ್ಕು ದಿನ ಸತಾಯಿಸಿ,
ಟಿವಿಯಿಂದ ಕಣ್ಣು ಕೀಳದೆ.

ಎರಡನೆಯ ವಾರ ಬಸ್ಸು ಆರು ನಿಮಿಷ ತಡ.
ನಾನು ಹದಿಮೂರನೆಯವಳು.

ಯಾರಾದರೂ ಎದ್ದು ಹೋದಾರು ಎಂದು ಗೋಡೆಗೆ ಒರಗಿ ಕಾದೆ.
ಕುರ್ಚಿ ಖಾಲಿಯಿದ್ದೂ ನಿಂತವರು ಇಬ್ಬರೇ,
ನಾನು, ಮತ್ತು ಹಿಂದೊಮ್ಮೆ
ಶಾಲೆ ಬಸ್ಸು ಓಡಿಸುತ್ತಿದ್ದ ಆರ್ಲೀನ್.
ಕೂರಲಾರದವರು ಹೆಸರು ಕೇಳಿಕೊಳ್ಳುವ ಮುಂಚೆಯೇ
ಪರಿಚಿತರು.
"ಕಾಲಿಗೂ ಇಳಿಯುತ್ತಾ?"
"ಹಿಮ್ಮಡಿವರೆಗೆ."
ಕರೆಂಟು ಬಿಲ್ಲಿನ ಬೆನ್ನ ಮೇಲೆ ದುಂಡಗೆ ಬರೆದುಕೊಟ್ಟಳು:
ದಿನಸಿ ಅಂಗಡಿಯ ಔಷಧಿ ಕಿಟಕಿಯಲ್ಲಿ
ನಾಲ್ಕು ಡಾಲರಿನ ಪಟ್ಟಿಯಿದೆ, ಕೇಳು.
ಕೇಳದಿದ್ದರೆ ನಲವತ್ತು.
ಫಿಸಿಯೋ ಕಲಿಯುವ ಹುಡುಗರು ಮಂಗಳವಾರ ಪುಕ್ಕಟೆ ನೋಡುತ್ತಾರೆ,
ಕೈ ತಣ್ಣಗಿರುತ್ತದೆ, ಬೆಚ್ಚಬೇಡ.
ದೊಡ್ಡಾಸ್ಪತ್ರೆಯ ಬಿಲ್ಲು ಬಂದರೆ
ಕಟ್ಟುವ ಮುಂಚೆ ಮನ್ನಾ ಅರ್ಜಿ ಕೇಳು.
ಅವರಾಗಿ ಕೊಡುವುದಿಲ್ಲ. ಮತ್ತೆ ಕೇಳು.
ಅಳಬೇಡ. ಅತ್ತರೆ ಸೊಂಟ ಬಿಟ್ಟು
ತಲೆ ಪರೀಕ್ಷೆಗೆ ಕಳಿಸುತ್ತಾರೆ.

ಅಳದ ಕೂಸಿಗೆ ಹಾಲಿಲ್ಲ ಎಂದು ಕೇಳಿ ಬೆಳೆದವಳು ನಾನು.
ಗಾದೆಯನ್ನೂ ಬಿಲ್ಲಿನ ಜೊತೆ ಮಡಚಿ
ಚೀಲಕ್ಕೆ ಹಾಕಿಕೊಂಡೆ.

ಮೂರನೆಯ ಗುರುವಾರ ಎರಡೂವರೆಗೇ ಹೋಗಿ ನಿಂತೆ.
ಡಾಕ್ಟರು ನಿವೃತ್ತರು, ಕಿವಿಯಲ್ಲಿ ಯಂತ್ರ.
"ನೋವು ಹತ್ತರಲ್ಲಿ ಎಷ್ಟು?"
ಎಷ್ಟು ಅಲ್ಲ ಸ್ವಾಮಿ, ಯಾವುದು ಅನ್ನಬೇಕಿತ್ತು.
ಬೆಳಿಗ್ಗೆ ಏಳುವಾಗ ಹಿಡಿತ,
ಬಕೆಟ್ಟು ಎತ್ತಿದರೆ ಚಳುಕು,
ಮಧ್ಯಾಹ್ನ ಸೆಳೆತ, ಬಸ್ಸಿನಲ್ಲಿ ಜೋಮು,
ರಾತ್ರಿಗೆ ಎಲ್ಲ ಸೇರಿ ಒಂದೇ ಉರಿ.
ಕೂಡಿಸಿ ಹೇಳುವುದೋ, ಸರಾಸರಿ ತೆಗೆಯುವುದೋ?
"ಸೆವೆನ್" ಅಂದೆ.
"ಎಲೆವೆನ್?" ಅಂದರು, ಹುಬ್ಬೇರಿಸಿ.
ತಿದ್ದಲಿಲ್ಲ.

ಟೈ ಸಮೇತ ನೆಲದ ಮೇಲೆ ಮಲಗಿ ತೋರಿಸಿದರು:
ಬೆನ್ನು ನೆಲಕ್ಕೆ, ಮೊಣಕಾಲು ಮಡಚಿ ಮೀನಗಂಡ ಕುರ್ಚಿಯ ಮೇಲೆ,
ಹತ್ತು ನಿಮಿಷ, ದಿನಕ್ಕೆ ಮೂರು ಸಲ.
ಏಳಲು ನಾನೇ ಕೈ ಕೊಡಬೇಕಾಯಿತು.
ನರ ತಣಿಸುವ ಗುಳಿಗೆ ಒಂದು ತಿಂಗಳಿಗೆ ಬರೆದರು
(ನಾಲ್ಕು ಡಾಲರು, ಕೇಳಿದೆ).
ವಾಸಿಯಾಗುತ್ತದೆ ಅನ್ನಲಿಲ್ಲ.
ಅನ್ನದಿದ್ದದ್ದೇ ಹಿಡಿಸಿತು.

ಕೋಣೆ ನೂರಾ ಹದಿನಾಲ್ಕು. ಹನ್ನೊಂದೂಕಾಲು ಗಂಟೆ.
ಆಗಷ್ಟೇ ಬಿಗಿದ ಬಿಳಿ ಹಾಸಿನ ಮೇಲೆ ನನ್ನ ಎರಡೂ ಕಾಲು,
ಬೆನ್ನಡಿಗೆ ಯಾರ್ಯಾರೋ ತುಳಿದ ಕಾರ್ಪೆಟ್ಟು.
ಮೇಜಿನಡಿ ಅಂಟಿಸಿದ ಚೂಯಿಂಗ್ ಗಮ್ಮು ಮೂರು,
ಇಷ್ಟು ವರ್ಷ ಉಜ್ಜಿಯೂ ಕಾಣದ್ದು.
ಏಳು. ಏಳೇ. ಆರೂವರೆ ಅನ್ನಬಹುದೇನೋ.

ಬಾಗಿಲು ಬಡಿದ ಸದ್ದು.
ಈ ಬಾಗಿಲುಗಳೆಲ್ಲ ಹೊರಗಿನಿಂದ ಬಡಿದೇ ಗೊತ್ತು ನನಗೆ;
ಒಳಗಿನಿಂದ ಬರುವ ಮಾತೂ ಬಾಯಿಪಾಠ.
ಅದನ್ನೇ ಅಂದೆ, ಅರೆನಿದ್ದೆಯ ಅತಿಥಿಯ ಹಾಗೆ,
ಏಳದೆ:
ಆಮೇಲೆ ಬನ್ನಿ.