ರೂಪಕಲಾ ಬಿಟ್ಟುಹೋದ ಪೆಟ್ಟಿಗೆ

ನಾದಿನಿ ರೂಪಕಲಾ ಆರು ತಿಂಗಳು ಮಾರಿ, ಕೈಸೋತು,
ನನ್ನ ಮಂಚದ ಕೆಳಗೆ ತಳ್ಳಿಹೋದ ರಟ್ಟಿನ ಪೆಟ್ಟಿಗೆ:
ನಲವತ್ತೊಂದು ಡಬ್ಬಿ, ಹದಿನಾಲ್ಕು ಟ್ಯೂಬು,
ತಲೆಕೆಳಗಾದ ಒಂದು ಬಾಟಲಿ ಸೋರಿ
ನೆಲವೆಲ್ಲ ಸೌತೆಕಾಯಿ ವಾಸನೆ.

‘ದುಡ್ಡಿನ ಮಾತು ಬೇಡ ಅತ್ತಿಗೆ, ನೀವೇ ಹಚ್ಕೊಳ್ಳಿ.’
ಅವಳ ಮೇಲೆ ನಾಲ್ಕು ಜನ, ಕೆಳಗೆ ಯಾರೂ ಇಲ್ಲ.
ಸರಪಳಿ ವ್ಯಾಪಾರ ಅಂದರೆ ಹಾಗೇ,
ಕೊನೆಯ ಕೊಂಡಿ ಯಾರದೋ ಮಂಚದ ಕೆಳಗೆ.

ಮಾರೋಕೆ ಹೋಗಿದ್ದಾದರೂ ಎಲ್ಲಿ? ಶಿಡ್ಲಘಟ್ಟದಲ್ಲಿ.
ಹುಳುಮನೆಗೆ ಘಮ ಆಗಿಬರಲ್ಲ ಅಂತ
ಮಲ್ಲಿಗೆಯನ್ನೂ ಹೊಸಿಲಾಚೆ ಬಿಚ್ಚಿಟ್ಟು ಬರುವ ಹೆಂಗಸರಿಗೆ
ಗುಲಾಬಿ ಗಂಧದ ಕ್ರೀಮು!
ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುವಾಗ
ಕನ್ನಡಿ ನೋಡೋಕೆ ಪುರುಸೊತ್ತು ಯಾರಿಗೆ?

ಬಿಸಾಡಲು ಮನಸ್ಸು ಬರಲಿಲ್ಲ. ಹೊಲಿಯುವವಳು ನಾನು,
ಕತ್ತರಿಸಿ ಉಳಿದ ಚೂರಿಗೂ ಒಂದು ಜಾಗ ಹುಡುಕುವವಳು.

ಬಿಸಿಲಿಗೆ ಹಚ್ಚುವ ಕ್ರೀಮು, ಹೊಸ ಡಬರಿಯ ಮೇಲೆ
ಹಟ ಹಿಡಿದು ಕೂತ ಸ್ಟಿಕರಿನ ಅಂಟನ್ನು
ಎರಡೇ ತಿಕ್ಕಿಗೆ ಎಬ್ಬಿಸಿತು.
ತುಟಿಗೆ ಬಳಿಯುವ ಮೇಣ ಜಿಪ್ಪಿಗೆ.
ಅಕ್ರೋಟದ ಸಿಪ್ಪೆ ಅರೆದುಹಾಕಿದ ಸ್ಕ್ರಬ್ಬು
ಸ್ಟವ್ವಿನ ಜಿಡ್ಡಿನ ಎದುರು ಸೋತಿತು, ಸುಳ್ಳು ಹೇಳಲಾರೆ.

ಸುಕ್ಕು ಕಳೆಯುವ ರಾತ್ರಿ ಕ್ರೀಮನ್ನು
ಮಾವನವರ ಚರ್ಮದ ಚಪ್ಪಲಿಗೆ ಹಚ್ಚಿದೆ, ಮೂರು ರಾತ್ರಿ.
ಸುಕ್ಕು ನಿಜಕ್ಕೂ ಹೋಯಿತು ಕಣ್ರೀ!
ಮಾವ ಬಗ್ಗಿ ನೋಡಿ, ‘ಇದು ನಂದಲ್ಲ’ ಅಂತ
ಬರಿಗಾಲಲ್ಲೇ ಡೈರಿಗೆ ಹಾಲು ಹಾಕಿಬಂದರು.

ಖಮರುನ್ನೀಸಾ ಬ್ಲೌಸಿನ ಅಳತೆಗೆ ಬಂದಳು.
ದಿನವಿಡೀ ಬಿಸಿನೀರಲ್ಲಿ ಗೂಡು ತಡವಿ ಎಳೆ ಹುಡುಕುವ ಕೈ,
ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ
ಬೆಂದ ಗೂಡಿನ ಹಾಗೇ ಬಿಚ್ಚಿಕೊಳ್ಳುತ್ತಿತ್ತು.
ಕೈ ಕ್ರೀಮು ಕೊಟ್ಟೆ. ಮೂಸಿ, ವಾಪಸು ಇಟ್ಟಳು.
‘ಜಿಡ್ಡು ಕೈಗೆ ಎಳೆ ಸಿಗಲ್ಲ ಅಕ್ಕ.
ಬುಧವಾರ ದಿನಪೂರ್ತಿ ಕರೆಂಟು ಇಲ್ಲವಂತೆ. ಅವತ್ತು ಕೊಡು.’

ಬುಧವಾರ ಬಂದು ಹೊಸಿಲ ಮೇಲೆ ಕೂತಳು.
ಒಂದು ಟ್ಯೂಬು ಪೂರ್ತಿ ಹಿಂಡಿ, ಮೊಣಕೈವರೆಗೆ ಸವರಿ,
ಎರಡೂ ಕೈ ಗಾಳಿಗೆ ಹಿಡಿದು, ಏನನ್ನೂ ಮುಟ್ಟದೆ.
ಟೀ ಲೋಟ ನಾನೇ ಹಿಡಿದು ಕುಡಿಸಿದೆ.
ಮೂಗು ಕೆರೆದರೆ ನಾನೇ ತುರಿಸಬೇಕು.
ಹೀಗೆ ಸುಮ್ಮನೆ ಕೂತು ಎಷ್ಟು ವರ್ಷ ಆಯಿತೋ, ಅಂದಳು,
ಆಮೇಲೆ ಲೆಕ್ಕ ಹಾಕಲು ಹೋಗಿ, ಬಿಟ್ಟಳು.
ಓಣಿಯಲ್ಲಿ ಒಂದು ಚರಕವೂ ಸದ್ದು ಮಾಡುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಬೆಳ್ಳಗಾಗಿಸುವ ಕ್ರೀಮು, ಹನ್ನೆರಡು ಡಬ್ಬಿ.
ಇದನ್ನು ಯಾರಿಗೂ ಕೊಡಲಿಲ್ಲ.
ನನ್ನನ್ನು ನೋಡಲು ಗಂಡಿನವರು ಬರುವ ಮೊದಲು
ಹಾಲಿನ ದುಡ್ಡಲ್ಲಿ ತಂದು ಅಮ್ಮ ಬಳಿಯುತ್ತಿದ್ದಳು
ಕೋಣೆಯ ಬಾಗಿಲು ಹಾಕಿ;
ಚಿಲಕ ಕಿರ್ರೆಂದರೆ ಅಪ್ಪನಿಗೆ ಕೇಳದಂತೆ
ಒಮ್ಮೆ ಜೋರಾಗಿ ಕೆಮ್ಮಿ.

ಈಗ ಅದೇ ಬಿಳಿ ನಮ್ಮ ಮನೆಯ ಚಿಲಕಕ್ಕೆ,
ಕಿಟಕಿಯ ಕೀಲಿಗೆ, ಗಂಗುಲಮ್ಮನ ಗೇಟಿಗೆ.
ಕಬ್ಬಿಣ ಕಪ್ಪಾಗೇ ಇದೆ, ದೇವರ ದಯೆ.
ಮಾತು ಮಾತ್ರ ಮೆತ್ತಗಾಗಿದೆ.
ಖಾಲಿ ಡಬ್ಬಿಯಲ್ಲಿ ಹುಕ್ಕು, ಕಪ್ಪು ಗುಂಡಿ, ಮುರಿದ ಬಾಬಿನ್ನು.

ನಿನ್ನೆ ಮನೆ ಮುಂದೆ ಆಟೋ ನಿಂತಿತು.
ರೂಪಕಲಾ. ಈ ಸಲ ಮಂಡಿನೋವಿನ ಎಣ್ಣೆಯಂತೆ,
ಮೇಲೆ ಇಬ್ಬರೇ ಅಂತೆ.
ಬಾಗಿಲು ಸದ್ದಿಲ್ಲದೆ ತೆರೆದದ್ದಕ್ಕೆ ಒಂದು ಕ್ಷಣ ತಬ್ಬಿಬ್ಬಾಗಿ,
ಸೊಂಟದ ಪೆಟ್ಟಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಕೇಳಿದಳು:
‘ಮಂಚದ ಕೆಳಗೆ ಜಾಗ ಆಯ್ತಾ ಅತ್ತಿಗೆ?’